ತಲೆ ಎತ್ತದೆ ಓದುವ ನೀರುಗಂಟಿ

ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ನಾಲೆಯ ಏರಿಯ ಮೇಲೆ ಚೌರಪ್ಪ ಪಂಚೆ ಎತ್ತಿ ಕಟ್ಟಿ ತೂಬಿನ ಕಬ್ಬಿಣದ ಹಲಗೆಗೆ ಕೈ ಹಾಕುತ್ತಾರೆ. ತುಕ್ಕು ಹಿಡಿದ ಹಲಗೆ ಸುಮ್ಮನೆ ಏಳುವುದಿಲ್ಲ. ಅದಕ್ಕೆ ಎರಡು ಬೈಗುಳ ಬೇಕು. ಬೈದು ಮುಗಿಸಿದವರೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ನೀರು ಗದ್ದೆಗಳತ್ತ ನುಗ್ಗುತ್ತದೆ. ದೂರದ ಬದುವಿನಲ್ಲಿ ಯಾರೋ ಕೆಮ್ಮಿದ ಸದ್ದು. ಚೌರಪ್ಪ ಅತ್ತ ತಿರುಗುವುದಿಲ್ಲ.

"ನನ್ ತಮ್ಮ ಇನ್ನಾಸಪ್ಪ. ನೀರ್ ಬಂತಾ ಅಂತ ನೋಡಾಕ್ ಬಂದವ್ನೆ" ಎಂದಷ್ಟೇ ಹೇಳಿ ಮುಂದಿನ ತೂಬಿನತ್ತ ನಡೆಯುತ್ತಾರೆ.

ಅರವತ್ತು ದಾಟಿದ ಚೌರಪ್ಪ ಮೂವತ್ತು ವರ್ಷದಿಂದ ಇಲ್ಲಿನ ನೀರುಗಂಟಿ. ಇನ್ನೂರು ಎಕರೆ ಭತ್ತ, ಕಬ್ಬಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ಹಾವಿಗೂ ಹೆದರಬೇಕು, ಕೆಳಗಿನವರ ನೀರನ್ನು ತನ್ನತ್ತ ತಿರುಗಿಸಿಕೊಳ್ಳುವ ಮೇಲ್ಗದ್ದೆಯ ನಾಗರಾಜುವಿಗೂ ಹೆದರಬೇಕು. ಭಾನುವಾರ ಮಾತ್ರ ಕೆಸರು ತೊಳೆದು, ಬಿಳಿ ಅಂಗಿ ತೊಟ್ಟು, ಊರಿನ ಪುಟ್ಟ ಚರ್ಚಿನಲ್ಲಿ ಬೈಬಲ್ ವಾಚನ ಓದುತ್ತಾರೆ. ಕತ್ತು ಬಗ್ಗಿಸಿದರೆ ಓದು ಮುಗಿಯುವ ತನಕ ಎತ್ತುವುದಿಲ್ಲ. "ಜನರ ಮುಖ ನೋಡಿ ಓದಿ" ಎಂದು ಫಾದರ್ ಹೇಳಿ ಹೇಳಿ ಸೋತಿದ್ದಾರೆ.

ಏಕೆಂದು ಊರಿಗೆಲ್ಲ ಗೊತ್ತು. ಇನ್ನಾಸಪ್ಪ ಗದ್ದೆಯ ಜೊತೆಗೆ ಶ್ರೀರಂಗಪಟ್ಟಣದಲ್ಲಿ ಹೋಟೆಲ್ ಇಟ್ಟಿದ್ದರು. ಪ್ರವಾಸಿಗರು ಮುತ್ತುವುದು ಭಾನುವಾರವೇ, ಹಾಗಾಗಿ ಚರ್ಚಿನ ಪೂಜೆಗೆ ಬರುವುದು ತಪ್ಪಿತು. ನಾಲ್ಕು ವರ್ಷದ ಹಿಂದೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಸಂಜೆ, ಪಶ್ಚಾತ್ತಾಪದ ಪ್ರಾರ್ಥನೆಗೆ ಹೇಗೋ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಅಂದಿನ ವಾಚನ ಪ್ರವಾದಿ ಯೆರೆಮೀಯನದು: ದೇವರನ್ನು ತೊರೆದ ಜನ ಬತ್ತದ ಬುಗ್ಗೆಯನ್ನು ಬಿಟ್ಟು, ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತೋಡಿಕೊಂಡರು ಎಂಬ ಭಾಗ. ಅಲ್ಲಿಗೆ ಬಂದಾಗ ಚೌರಪ್ಪ ಓದು ನಿಲ್ಲಿಸಿ, ತಲೆಯೆತ್ತಿ, ತಮ್ಮನನ್ನೇ ನೋಡಿದರು. ಇಡೀ ಚರ್ಚು ಹಿಂದಕ್ಕೆ ತಿರುಗಿತು. ಇನ್ನಾಸಪ್ಪ ಎದ್ದು ಹೋದರು. ಆಮೇಲೆ ಅಣ್ಣನ ಜೊತೆ ಮಾತಿಲ್ಲ, ಚರ್ಚಿನ ಮೆಟ್ಟಿಲು ಹತ್ತಿಲ್ಲ.

ಸಿಟ್ಟು ಗದ್ದೆಗೂ ಇಳಿಯಿತು. ಅಣ್ಣ ಬಿಟ್ಟ ನೀರು ಬೇಡವೆಂದು ಇನ್ನಾಸಪ್ಪ ತಮ್ಮ ಗದ್ದೆಗೆ ನೀರು ಒಳಬರುವ ಮಡೆಯನ್ನೇ ಮಣ್ಣು ಮೆತ್ತಿ ಮುಚ್ಚಿದರು. ಚೌರಪ್ಪ ಮಾತ್ರ ತಮ್ಮನ ಸರದಿ ಒಂದನ್ನೂ ತಪ್ಪಿಸಲಿಲ್ಲ.

"ಪಕ್ಕದಲ್ಲೇ ನೀರ್ ಹರೀತಾ ಅದೆ, ಪೈರು ಒಣಗ್ತಾ ಅದೆ. ಬೈಯಾನ ಅಂತ ಬಾಯ್ ತಗುದ್ರೆ ಅಳು ಬಂದ್ಬುಡ್ತು ಸಾ" ಎನ್ನುತ್ತಾರೆ. "ಚರ್ಚಲ್ಲಿ ಅದ್ನ ಓದ್ದಾಗ, ದೇವ್ರು ಬೈತಾವ್ನೆ, ನಾನೂ ಜೊತ್ಗೆ ಎಲ್ಡು ಬೈಯಾನ ಅನ್ಕಂಡಿದ್ದೆ. ಬದಿನ ಮೇಲೆ ನಿಂತಾಗ ಗೊತ್ತಾಯ್ತು, ದೇವ್ರು ಬೈತಾ ಇಲ್ಲ, ಅಳ್ತಾವ್ನೆ. ಕೊಡ್ತೀನಿ ಅಂದ್ರೂ ಬ್ಯಾಡ ಅಂದ್ರೆ ಇನ್ನೇನ್ ಮಾಡಾನು?"

ದೇವರ ಎಚ್ಚರಿಕೆಯನ್ನು ಪಕ್ಕದವರ ತಲೆಗೆ ಕಟ್ಟುವುದು ನಮಗೆಲ್ಲ ಸಲೀಸು. ಚೌರಪ್ಪ ಅದನ್ನು ತಮ್ಮ ತಲೆಗೇ ಕಟ್ಟಿಕೊಂಡಿದ್ದಾರೆ. "ತಮ್ಮುಂಗೆ ಅವಮಾನ ಮಾಡಾಕೆ ದೇವ್ರ್ ಮಾತ್ನ ಬಳುಸ್ಕಂಡೆ. ದೇವ್ರುಗೆ ದ್ರೋಹ ಮಾಡ್ದೋನು ನಾನೇಯ" ಎನ್ನುವಾಗ ಅವರ ದನಿ ಇಳಿಯುತ್ತದೆ.

ಮೂರನೆಯ ಸರದಿಗೆ ಇನ್ನಾಸಪ್ಪ ಮಡೆ ತೆಗೆದರು. ಮಾತು ಮಾತ್ರ ಇನ್ನೂ ಕಟ್ಟಿಕೊಂಡೇ ಇದೆ.

ಬರುವ ಶುಕ್ರವಾರ ಮತ್ತೆ ಪಶ್ಚಾತ್ತಾಪದ ಪ್ರಾರ್ಥನೆ, ಮತ್ತೆ ಅದೇ ವಾಚನ. ಬೇರೆಯವರಿಂದ ಓದಿಸಿ ಎಂದು ಚೌರಪ್ಪ ಬೇಡಿಕೊಂಡರೂ ಫಾದರ್ ಒಪ್ಪಿಲ್ಲ. ನಿನ್ನೆ ತಮ್ಮನ ಗದ್ದೆಯ ಬಳಿ ನಿಂತು, "ಶುಕ್ರವಾರ ನಾನೇ ಓದ್ತೀನಿ ಕಣ್ಲಾ" ಎಂದರಂತೆ. ಇನ್ನಾಸಪ್ಪ ತಿರುಗಲಿಲ್ಲ, ಆದರೆ ಅವರ ಗುದ್ದಲಿ ಒಂದು ಗಳಿಗೆ ನಿಂತಿತಂತೆ.

ಬಿಸಿಲೇರಿದೆ. ಕೊನೆಯ ತೂಬಿನ ಹಲಗೆ ಇಳಿಸಿ ಚೌರಪ್ಪ ಕೈ ಒರೆಸಿಕೊಳ್ಳುತ್ತಾರೆ.

"ಆವತ್ತೂ ತಲೆ ಎತ್ತಾಕಿಲ್ಲ ಸಾ. ಬಂದವ್ನಾ ಅಂತ್ಲೂ ನೋಡಾಕಿಲ್ಲ. ಕಡೇ ಬೆಂಚಿಂದ ಒಂದ್ಸಲ ಕೆಮ್ಮಿದ್ರೆ ಸಾಕು, ನಂಗ್ ಗೊತ್ತಾಯ್ತದೆ."