ಈಗ ಮುಚ್ಚಿರುವ ನಿಲ್ದಾಣದಲ್ಲಿ ನಡೆದ ಹೆಣ್ಣು ನೋಡುವ ಶಾಸ್ತ್ರದ ಕುರಿತು

ಮಾನ್ಯ ಓದುಗರಲ್ಲಿ ವಿನಂತಿ.

ಮೊದಲಾಗಿ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ನಾನು ಓದಿದ್ದು ಮದ್ರಾಸಿನ ತಮಿಳು ಶಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ಅಜ್ಜಿ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದರು. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಬಂದರಿನ ಸಮೀಪದ ಕಚೇರಿಯೊಂದರಲ್ಲಿ ಪತ್ರಗಳನ್ನು ಟೈಪು ಮಾಡುವುದು ನನ್ನ ಉದ್ಯೋಗವಾದ್ದರಿಂದ ಪತ್ರದ ಧಾಟಿಯೊಂದೇ ನನಗೆ ಧೈರ್ಯ ಕೊಡುತ್ತದೆ. ಅದರಲ್ಲಿಯೇ ಬರೆಯಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.

ತಮ್ಮ ಅವಗಾಹನೆಗೆ ತರುವುದೇನೆಂದರೆ, ಎರಡು ಸಾವಿರದ ಇಸವಿ ಕಳೆದ ಕೆಲವೇ ವರ್ಷಗಳಲ್ಲಿ ನಮ್ಮ ಅಣ್ಣಾನಗರಕ್ಕೆ ಒಂದು ಲೋಕಲ್ ರೈಲು ನಿಲ್ದಾಣ ಬಂದಿತು. ವಿಲ್ಲಿವಾಕ್ಕಂನಿಂದ ಕವಲೊಡೆದ ಹಳಿ ನಮ್ಮಲ್ಲಿಗೆ ಬಂದು ಮುಗಿಯುತ್ತಿತ್ತು. ಪ್ಲಾಟ್‌ಫಾರಂ ಹೊಚ್ಚಹೊಸದು, ಬೆಂಚುಗಳು ಹೊಳೆಯುತ್ತಿದ್ದವು, ಜನರು ಮಾತ್ರ ಇರಲಿಲ್ಲ. ದಿನಕ್ಕೆ ಬರುತ್ತಿದ್ದ ರೈಲುಗಳೇ ಕೆಲವು. ಬಸ್ಸಿಗೆ ಒಗ್ಗಿದವರು ಅವುಗಳಿಗಾಗಿ ಕಾಯಲಿಲ್ಲ. ಬೀಚ್ ನಿಲ್ದಾಣದವರೆಗೆ ಹೋಗುತ್ತಿದ್ದ ನನಗೆ ಎಷ್ಟೋ ದಿನ ಇಡೀ ಬೋಗಿಯೇ ಸ್ವಂತ ಕೋಣೆಯಂತಿತ್ತು. ನನ್ನ ತಂದೆಯವರಿಗಂತೂ ಆ ನಿಲ್ದಾಣದ ಮೇಲೆ ಮಗಳ ಮೇಲಿನದಕ್ಕಿಂತ ಹೆಚ್ಚು ಅಭಿಮಾನ.

ಅದೇ ಕಾಲದಲ್ಲಿ ನನಗೆ ಗಂಡು ನೋಡುತ್ತಿದ್ದರು. ಮದುವೆಯಾದ ಮೇಲೂ ಉದ್ಯೋಗವನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಒಂದೇ ಕೋರಿಕೆ. ಆದರೆ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಸೊಜ್ಜಿ, ಬಜ್ಜಿ ತಿನ್ನುತ್ತ ಕುಳಿತ ಹಿರಿಯರು ಹುಡುಗನ ಪರವಾಗಿ ತಾವೇ ಉತ್ತರಿಸಿಬಿಡುತ್ತಿದ್ದರು: “ಮನೇಲಿ ಇದ್ದರೆ ಸಾಕಮ್ಮ.” ಎರಡು ಸಂಬಂಧಗಳು ಹಾಗೆಯೇ ಮುರಿದವು. ಮೂರನೆಯವರು ಪೆರಂಬೂರಿನವರು, ಮೈಸೂರು ಕಡೆಯಿಂದ ಬಂದ ಕುಟುಂಬ. ಈ ಸಲ ಹುಡುಗನನ್ನೇ ಕೇಳುವುದೆಂದು ನಿಶ್ಚಯಿಸಿ, ಶನಿವಾರ ಬೆಳಗಿನ ಅತ್ಯಂತ ಖಾಲಿಯಾದ ರೈಲಿನಲ್ಲಿ ಶಾಸ್ತ್ರ ನಡೆಯಲೆಂದು ಸೂಚಿಸಿದೆ. ಅವರು ಆ ರೈಲಿನಲ್ಲಿ ನಮ್ಮಲ್ಲಿಗೆ ಬರುವುದು, ಅದೇ ರೈಲಿನಲ್ಲಿ ನಾವೂ ಹತ್ತಿ ಪೆರಂಬೂರಿನವರೆಗೆ ಹೋಗುವುದು. ಹಿರಿಯರು ಬೋಗಿಯ ಒಂದು ತುದಿ, ನಾವಿಬ್ಬರು ಇನ್ನೊಂದು ತುದಿ.

“ಹೆಣ್ಣು ನೋಡೋರು ಟಿಕೆಟ್ ತೊಗೊಂಡು ಬರ್ಬೇಕಾ? ಎಲ್ಲೂ ಕೇಳಿಲ್ಲಮ್ಮ ಇಂಥದ್ದು!” ಎಂದರು ಅಜ್ಜಿ. ಆದರೂ ಬಜ್ಜಿ ಕರಿದು ಎವರ್‌ಸಿಲ್ವರ್ ಸ್ಟೀಲು ಡಬ್ಬಿಗೆ ತುಂಬಿದರು.

ಆ ಶನಿವಾರ ನಿಲ್ದಾಣಕ್ಕೆ ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ನಮ್ಮ ಫ್ಲ್ಯಾಟುಗಳ ಜನರೆಲ್ಲ ಮಕ್ಕಳು ಮರಿ ಸಮೇತ ನಿಂತಿದ್ದರು. ಪ್ರಯಾಣಿಕರಿಲ್ಲವೆಂದು ನಿಲ್ದಾಣವನ್ನು ಮುಚ್ಚುತ್ತಾರಂತೆ, ಜನರನ್ನು ಎಣಿಸಲು ಶನಿವಾರ ಯಾರೋ ಅಧಿಕಾರಿ ಬರುತ್ತಾರಂತೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಆ ದಿನ ಎಲ್ಲರೂ ಅತ್ಯಂತ ಖಾಲಿ ಓಡುವ ರೈಲನ್ನೇ ಹತ್ತಿ ತುಂಬಿಸಬೇಕೆಂದು ಮನೆಮನೆಗೂ ಹೋಗಿ ಹೇಳಿ ಬಂದವರು ನನ್ನ ತಂದೆಯವರೇ.

“ಅಯ್ಯಯ್ಯೋ, ಹೆಣ್ಣು ನೋಡೋದೂ ಇದೇ ಟ್ರೈನಾ?” ಎಂದು ತಂದೆಯವರು ಹಣೆಗೆ ಕೈಯಿಟ್ಟುಕೊಂಡರು.

“ಟೈಮು ಬೇರೆ ಬರೆದು ಗೇಟಿಗೆ ಅಂಟಿಸಿದ್ಯಲ್ಲೋ!” ಎಂದರು ಅಜ್ಜಿ.

ಅಷ್ಟರಲ್ಲಿ ರೈಲು ಬಂದಿತು. ಮೊದಲು ಇಳಿದವರು ಹುಡುಗನ ತಂದೆ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಜಾತಕದ ಫೈಲು. ಜನರು ಅವರನ್ನೇ ಅಧಿಕಾರಿಯೆಂದು ತಿಳಿದು ಸುತ್ತುವರಿದರು. “ಡೈಲಿ ಇಪ್ಪಡಿ ತಾನ್ ಸಾರ್ ಕೂಟ್ಟಂ!” ಎಂದು ಎದುರುಮನೆಯ ಮಾಮಿ, ಪ್ರತಿದಿನವೂ ಇಷ್ಟೇ ಜನಜಂಗುಳಿಯೆಂದು ಘಂಟಾಘೋಷವಾಗಿ ಸಾರಿದರು. ಹುಡುಗನ ತಂದೆ ಎಲ್ಲರಿಗೂ ಕೈಮುಗಿದು, ತಾವು ಹೆಣ್ಣು ನೋಡಲು ಬಂದವರೆಂದು ತಮಿಳಿನಲ್ಲಿ ನಿವೇದಿಸಿಕೊಂಡರು. ಕೂಡಲೇ ಇಡೀ ಪ್ಲಾಟ್‌ಫಾರಂ ಹೆಣ್ಣಿನ ಕಡೆಯವರಾಗಿ ಮಾರ್ಪಟ್ಟಿತು.

ಎಲ್ಲರೂ ಒಂದೇ ಬೋಗಿಗೆ ನುಗ್ಗಿದರು. ಬಜ್ಜಿಯ ಡಬ್ಬಿ ಕೈಯಿಂದ ಕೈಗೆ ಹೋಗಿ ಹುಡುಗನನ್ನು ತಲುಪುವಷ್ಟರಲ್ಲಿ ಖಾಲಿಯಾಗಿತ್ತು. ನನಗೂ ಅವರಿಗೂ ಸಿಕ್ಕಿದ್ದು ಬಾಗಿಲ ಬಳಿಯ ಒಂದೇ ಕಂಬಿ. ವಿಲ್ಲಿವಾಕ್ಕಂ ದಾಟಿತು, ನನ್ನ ಪ್ರಶ್ನೆ ಇನ್ನೂ ಬಾಕಿ. ಪೆರಂಬೂರು ಬಂದರೆ ಮುಗಿಯಿತು, ಮತ್ತೆ ಹಿರಿಯರೇ ಉತ್ತರಿಸುವರು. ಸುತ್ತಲಿದ್ದವರೆಲ್ಲ ತಮಿಳರು, ಕನ್ನಡದಲ್ಲಿ ಕೇಳಿದರೆ ಗುಟ್ಟಾಗಿಯೇ ಉಳಿಯುವುದೆಂದು ಭಾವಿಸಿ, ರೈಲಿನ ಸದ್ದಿಗೆ ಸರಿಯಾಗಿ ಧ್ವನಿಯೆತ್ತಿ ಕೇಳಿದೆ:

“ಕಲ್ಯಾಣ ಆದ ಅಪ್ಪುರಂ ನಾನು ವೇಲೆಗೆ ಹೋಗಬಹುದಾ, ಇಲ್ಲೆ ರಿಸೈನ್ ಮಾಡಣುಮಾ?”

ಮದುವೆಯ ನಂತರ ಕೆಲಸಕ್ಕೆ ಹೋಗಬಹುದೇ, ಇಲ್ಲವೇ ರಾಜೀನಾಮೆ ಕೊಡಬೇಕೇ ಎಂದು ಕೇಳುವುದು ನನ್ನ ಉದ್ದೇಶ. ಅದು ಶುದ್ಧ ಕನ್ನಡವೆಂದೇ ಅಂದಿನವರೆಗೆ ನಂಬಿದ್ದೆ. ಇಡೀ ಬೋಗಿಗೆ ಅರ್ಥವಾಗಿಹೋಯಿತು.

“ಪೊಣ್ಣು ಕೇಟ್ಟಾಚ್ಚು, ಪದಿಲ್ ಸೊಲ್ಲುಪ್ಪಾ!” ಎಂದು ಮಾಮಿ ಹುಡುಗನನ್ನು ಉತ್ತರಕ್ಕಾಗಿ ಒತ್ತಾಯಿಸಿದರು. ಎಲ್ಲ ಮುಖಗಳೂ ಹುಡುಗನತ್ತ ತಿರುಗಿದವು.

ಅವರು ಕೆಂಪಾಗಿ, ಮೈಸೂರಿನ ಕನ್ನಡದಲ್ಲಿ ಹೇಳಿದರು: “ಧಾರಾಳವಾಗಿ ಹೋಗ್ಬೋದು. ನಾನೂ ಬೀಚ್‌ವರೆಗೂ ಹೋಗೋನೇ, ಜೊತೆಗೇ ಹೋಗೋಣ. ಆದ್ರೆ ಕಿಟಕಿ ಸೀಟು ಮಾತ್ರ ನಂದು.”

ಅಜ್ಜಿ ಅದನ್ನು ತಮಿಳಿಗೆ ತರ್ಜುಮೆ ಮಾಡಿ ಕೂಗಿದರು. ಚಪ್ಪಾಳೆ ಬಿತ್ತು. ಹುಡುಗನ ತಂದೆ ಫೈಲನ್ನು ಬಿಚ್ಚದೆಯೇ ನನ್ನ ತಂದೆಯವರ ಕೈಗಿತ್ತು, “ಇನ್ನು ನಾವೇನು ಹೇಳೋದು ಸ್ವಾಮಿ, ಬೋಗೀನೇ ಒಪ್ಕೊಂಡಿದೆಯಲ್ಲ!” ಎಂದರು.

ಎಣಿಸುವ ಅಧಿಕಾರಿ ಮಾತ್ರ ಬರಲೇ ಇಲ್ಲ. ಮುಂದೆ ರಸ್ತೆಯ ಮೇಲ್ಸೇತುವೆಯ ಕಾಮಗಾರಿಗಾಗಿ ನಮ್ಮ ರೈಲನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಪತ್ರ ಟೈಪು ಮಾಡುವವಳಾದ ನನಗೆ ‘ತಾತ್ಕಾಲಿಕ’ ಎಂಬ ಪದದ ಆಯುಸ್ಸು ತಿಳಿದಿದೆ. ರೈಲು ಮತ್ತೆ ಬರಲಿಲ್ಲ. ಆ ವೇಳೆಗೆ ನಾನು ಪೆರಂಬೂರಿನ ಸೊಸೆಯಾಗಿ, ಅಲ್ಲಿಂದಲೇ ಪತಿಯವರ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ತವರಿಗೆ ಬಂದಾಗಲೆಲ್ಲ ತಂದೆಯವರು ಮುಚ್ಚಿದ ನಿಲ್ದಾಣದ ಕಡೆಗೆ ಕೈತೋರಿ, “ಒಂದು ದಿನ ಆದ್ರೂ ಫುಲ್ ಮಾಡಿದ್ವಲ್ಲ!” ಎನ್ನುತ್ತಿದ್ದರು.

ಈ ಬರಹವನ್ನು ತಾವೇ ತಿದ್ದಿಕೊಡುವುದಾಗಿ ಪತಿಯವರು ಮುಂದೆ ಬಂದಿದ್ದಾರೆ. ಇಂದಿಗೂ ಕಿಟಕಿಯ ಸೀಟು ಬಿಡದವರ ಕೈಗೆ ಕೆಂಪು ಪೆನ್ನು ಕೊಡಲು ನನಗೆ ಮನಸ್ಸಿಲ್ಲ. ಆದುದರಿಂದ ಇಲ್ಲಿ ಕಂಡುಬರುವ ತಪ್ಪುಗಳನ್ನು ಓದುಗರಾದ ತಾವೇ ದಯವಿಟ್ಟು ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.