ಓದದೆ ಬಿಟ್ಟ ನಾಲ್ಕು ಸಾಲು

ನಾವು ಚಿಕ್ಕವರಿದ್ದಾಗ, ಅಂದರೆ ಎಪ್ಪತ್ತರ ದಶಕ ಮುಗಿಯುತ್ತಿದ್ದ ದಿನಗಳಲ್ಲಿ, ಕಡೂರಿನಲ್ಲಿ ಒಂದು ಸುದ್ದಿ ಎಲ್ಲರಿಗೂ ಮುಟ್ಟಬೇಕಾದರೆ ಯಾರಾದರೂ ಅದನ್ನು ಕಾಗದದ ಮೇಲೆ ಬರೆಯಬೇಕಿತ್ತು, ಇನ್ಯಾರಾದರೂ ಅದನ್ನು ಗಟ್ಟಿಯಾಗಿ ಓದಬೇಕಿತ್ತು. ನಮ್ಮ ಮನೆಯಲ್ಲಿ ಬರೆಯುವವರು ಅಪ್ಪ, ಓದುವವಳು ನಾನು, ಕೇಳುವವಳು ಅಜ್ಜಿ.

ಅಪ್ಪನಿಗೆ ಪೇಟೆಯಲ್ಲಿ ಕೊಬ್ಬರಿ ಮಂಡಿ ಇತ್ತು. ಹೊಟ್ಟೆಪಾಡು ಮಂಡಿಯದು, ಜೀವ ಮಾತ್ರ ಸೇವಾ ಕ್ಲಬ್ಬಿನದು. ವರ್ತಕರು, ಮೇಷ್ಟ್ರುಗಳು, ಇಬ್ಬರು ವಕೀಲರು, ಒಬ್ಬ ಡಾಕ್ಟರು ಸೇರಿ ಕಟ್ಟಿಕೊಂಡಿದ್ದ ಆ ಕ್ಲಬ್ಬಿಗೆ ಅಪ್ಪ ಕಾರ್ಯದರ್ಶಿ. ತಿಂಗಳು ಮುಗಿಯುವ ಮೊದಲೇ ಮುಂದಿನ ತಿಂಗಳ ಸುತ್ತೋಲೆ ಹೊರಡಬೇಕು. ಸಭೆ ಎಂದು, ಭಾಷಣ ಯಾರದು, ತಿಂಡಿ ಯಾರ ಮನೆಯದು, ಅಜ್ಜಂಪುರದ ಕ್ಲಬ್ಬಿನವರೊಡನೆ ಜಂಟಿ ಸಭೆಗೆ ಯಾವ ರೈಲಿಗೆ ಹೊರಡಬೇಕು, ಶ್ರಮದಾನಕ್ಕೆ ಗುದ್ದಲಿ ತರಬೇಕಾದವರು ಯಾರು, ಎಲ್ಲವೂ ಅದರಲ್ಲಿರುತ್ತಿತ್ತು. ವಕೀಲರ ಆಫೀಸಿನಲ್ಲಿ ಸ್ಟೆನ್ಸಿಲ್ ಮಾಡಿಸಿ, ಹೈಸ್ಕೂಲಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು ತಂದಾಗ ಆ ಹಾಳೆಗಳಿಗೆ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಅವಸರಕ್ಕೆ ಮುಟ್ಟಿದರೆ ಬೆರಳೆಲ್ಲ ಕಪ್ಪಾಗುತ್ತಿತ್ತು.

ಕ್ಲಬ್ಬಿನವರು ಮಾಡಿದ್ದೆಲ್ಲ ನೆಟ್ಟಗಾಗುತ್ತಿತ್ತು ಎಂದೇನಲ್ಲ. ಒಂದು ಮಳೆಗಾಲ ಎಲ್ಲರೂ ಲಾರಿ ಹತ್ತಿ ಎಮ್ಮೆದೊಡ್ಡಿಗೆ ಹೋಗಿ, ಕಾವಲಿನ ಅಂಚಿನಲ್ಲಿ ನೂರಾರು ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು, ಪುಳಿಯೋಗರೆ ತಿಂದು ಬಂದರು. ಮಾರನೆಯ ದಿನವೇ ಅಮೃತಮಹಲ್ ದನಗಳು ಬಂದು ಒಂದನ್ನೂ ಉಳಿಸದೆ ಮೇಯ್ದುಬಿಟ್ಟವು. ಮುಂದಿನ ಸುತ್ತೋಲೆಯಲ್ಲಿ ಅಪ್ಪ ಅದನ್ನು "ವನಮಹೋತ್ಸವವು ಯಶಸ್ವಿಯಾಗಿ ನೆರವೇರಿತು" ಎಂದು ಬರೆದಿದ್ದರು. ನಾನು ಅದನ್ನು ಓದಿದಾಗ ಅಜ್ಜಿ, "ದನಗಳಿಗೆ ಯಶಸ್ವಿಯಾಯ್ತು ಬಿಡು" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ಸುತ್ತೋಲೆಯ ಮೊದಲ ಪ್ರತಿ ಅಜ್ಜಿಗೆ. ಅದು ಅಪ್ಪ ತಾವೇ ಮಾಡಿಕೊಂಡಿದ್ದ ಪದ್ಧತಿ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಎದುರಿಗೆ ಬಂದವರು ಯಾರೆಂದು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ನಡುಮನೆಯ ಕಂಬಕ್ಕೊರಗಿ ಕೂತು ಆ ಹಾಳೆಯನ್ನು ಮೊದಲು ಮೂಸಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದಳು. ಪುರಾಣ ಕೇಳುವವರ ಶ್ರದ್ಧೆಯಿಂದ ಸಭೆಯ ಸಮಯವನ್ನೂ ವಂದನಾರ್ಪಣೆಯನ್ನೂ ಕೇಳುತ್ತಿದ್ದಳು.

ಆಗ ನನಗೆ ಒಂಬತ್ತು ವರ್ಷ. ಅಜ್ಜಿಯ ಸೂಜಿಗೆ ದಾರ ಪೋಣಿಸುವವಳು ನಾನು, ಅಕ್ಕಿಯ ಕಲ್ಲು ಆರಿಸುವವಳು ನಾನು. ಸೋಮವಾರ ಮಠಕ್ಕೆ ಹೋಗುವಾಗ ಅವಳ ಬಲಗೈ ನನ್ನ ಹೆಗಲ ಮೇಲೆ. ದಾರಿಯಲ್ಲಿ ಸಿಕ್ಕವರೆಲ್ಲ "ಅಜ್ಜಿಯ ಕಣ್ಣು ಬಂತು ನೋಡ್ರಪ್ಪಾ" ಎಂದು ನನ್ನನ್ನು ರೇಗಿಸುತ್ತಿದ್ದರು. ನನಗೆ ಅದು ಬಹಳ ಹಿತವಾಗಿತ್ತು. ಮಠದಿಂದ ಬರುವಾಗ ಅವಳ ಸೊಂಟದ ಎಲೆಯಡಿಕೆ ಚೀಲದಿಂದ ನನಗೊಂದು ಕಲ್ಲುಸಕ್ಕರೆ ಸಿಗುತ್ತಿತ್ತು, ಹೊಗೆಸೊಪ್ಪಿನ ವಾಸನೆ ಹತ್ತಿದ್ದು. ತಮ್ಮ ಎಷ್ಟು ಅತ್ತರೂ ಅವನಿಗೆ ಅರ್ಧವೇ.

ಆ ವರ್ಷ ದೀಪಾವಳಿ ಕಳೆದ ಮೇಲೆ ಬಂದ ಸುತ್ತೋಲೆಯಲ್ಲಿ ಎರಡು ದೊಡ್ಡ ಸಂಗತಿಗಳಿದ್ದವು. ಮೊದಲನೆಯದು ಸದಸ್ಯರೊಬ್ಬರ ತೆಂಗಿನ ತೋಟದಲ್ಲಿ ಕುಟುಂಬ ಕೂಟ. ಊಟಕ್ಕೆ ಎಷ್ಟು ಜನ ಎಂದು ತಿಳಿಯಲು ಹೆಸರು ಬರೆಸಬೇಕು, ಮಕ್ಕಳಿಗೆ ನಿಂಬೆಹಣ್ಣು ಚಮಚದ ಓಟ, ಹೆಂಗಸರಿಗೆ ಕುರ್ಚಿ ಆಟ. ಅದರ ಕೆಳಗೆ ನಾಲ್ಕು ಸಾಲಿನಲ್ಲಿ ಉಚಿತ ಕಣ್ಣಿನ ಶಿಬಿರ. ಹೊರಗಿನಿಂದ ಡಾಕ್ಟರುಗಳು ಬಂದು ಶಾಲೆಯ ಕಟ್ಟಡದಲ್ಲೇ ಪೊರೆ ತೆಗೆಯುತ್ತಾರೆ, ಬೇಕಾದವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕು.

ಹಿಂದಿನ ದಿನವಷ್ಟೇ ಶಾಲೆಯಲ್ಲಿ ಪಕ್ಕ ಕೂರುವ ಸರಸ ನನ್ನ ಕಿವಿಯಲ್ಲಿ ಹೇಳಿದ್ದಳು: "ಪೊರೆ ತೆಗೆಯೋದಂದ್ರೆ ಕಣ್ಣುಗುಡ್ಡೇನೇ ಆಚೆ ತೆಗ್ದು, ತೊಳ್ದು, ತಟ್ಟೇಲಿಟ್ಟು ಒಣಗಿಸ್ತಾರೆ ಕಣೇ. ಆಮೇಲೆ ತಿರುಗಾ ಇಡ್ತಾರೆ. ನಮ್ಮ ಮಾವನ ಊರ್ನಲ್ಲಿ ಒಬ್ಬಳ ಕಣ್ಣು ಕಾಗೆ ಕಚ್ಕೊಂಡು ಹೋಯ್ತಂತೆ."

ಹಾಳೆ ಹಿಡಿದು ಕೂತಾಗ ನನಗೆ ಕಂಡದ್ದು ಆ ತಟ್ಟೆ, ಆ ಕಾಗೆ. ಕುಟುಂಬ ಕೂಟದ ತನಕ ಓದಿದೆ. ನಾಲ್ಕು ಸಾಲು ಬಿಟ್ಟು, "ಇತಿ ತಮ್ಮ ವಿಶ್ವಾಸಿ" ಎಂದುಬಿಟ್ಟೆ. ಕಾಗೆಯ ಹೆದರಿಕೆ ಸುಳ್ಳಲ್ಲ. ಆದರೆ ಅಷ್ಟೇ ಎಂದರೆ ಈಗಲೂ ಸುಳ್ಳು ಹೇಳಿದಂತಾದೀತು. ಅಜ್ಜಿಗೆ ಕಣ್ಣು ಬಂದರೆ ನನ್ನ ಹೆಗಲು ಯಾಕೆ ಬೇಕು ಎಂಬುದೂ ಆ ಗಳಿಗೆಯಲ್ಲಿ ಮನಸ್ಸಿಗೆ ಬಂದಿತ್ತು.

ಸಂಜೆ ಅಪ್ಪ ಮಂಡಿಯಿಂದ ಬಂದರು. ಅಜ್ಜಿಯೂ ನಾನೂ ಅವರೆಕಾಯಿ ಬಿಡಿಸುತ್ತಿದ್ದೆವು. ಸಭೆಯಲ್ಲಿ ಮೈಕು ಸಿಕ್ಕರೆ ಬಿಡದ ಅಪ್ಪ ಮನೆಯಲ್ಲಿ, ಅದರಲ್ಲೂ ತಾಯಿಯೆದುರು, ಅರ್ಧ ಮಾತಿನ ಮನುಷ್ಯ. ಕಂಬದ ಹತ್ತಿರ ನಿಂತು ಕೇಳಿದರು:

"ಅವ್ವಾ, ಸುತ್ತೋಲೆ ಓದಿಸ್ಕೊಂಡ್ಯಾ?"

"ಊಂ ಕಣಪ್ಪ. ಎಲ್ಲಾ ಕೇಳ್ದೆ."

"ನಿನ್ ಹೆಸ್ರೂ ಬರ್ಕೊಳ್ಲಾ ಮತ್ತೆ?"

ಅಜ್ಜಿ ತೋಟದ ಊಟದ ಮಾತೆಂದುಕೊಂಡಳು. "ಅಯ್ಯೋ, ನನಗ್ಯಾಕಪ್ಪ ಈ ವಯಸ್ನಲ್ಲಿ ಅದೆಲ್ಲ? ಸಣ್ಣೋರು ಇದಾರಲ್ಲ, ಅವ್ರಿಗಾಗ್ಲಿ ಬಿಡು."

ಅಪ್ಪ ಶಿಬಿರದ ಮಾತೆಂದುಕೊಂಡರು. "ಯೋಚ್ನೆ ಮಾಡು" ಎಂದರು.

"ಯೋಚ್ನೆ ಏನ್ ಬಂತು, ಬ್ಯಾಡ ಅಂದ್ರೆ ಬ್ಯಾಡ ಕಣಪ್ಪ."

ತಾಯಿ ಬೇಡ ಎಂದದ್ದನ್ನು ಎರಡನೆಯ ಸಲ ಕೇಳುವುದು ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅಪ್ಪ ಕೈಕಾಲು ತೊಳೆಯಲು ಹೋದರು. ಇಬ್ಬರ ಮಾತೂ ಅರ್ಥವಾಗಿದ್ದವಳು ನಾನೊಬ್ಬಳೇ. ತಲೆ ಬಗ್ಗಿಸಿಕೊಂಡು ಅವರೆಕಾಯಿ ಬಿಡಿಸುತ್ತಲೇ ಇದ್ದೆ.

ಶಿಬಿರದ ಹಿಂದಿನ ವಾರವೇ ಪಂಚನಹಳ್ಳಿಯ ಅತ್ತೆ ಬಂದು ಅಜ್ಜಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಹಾಗಾಗಿ ಊರಿನಲ್ಲಿ ಎದ್ದ ಗದ್ದಲ ಅಜ್ಜಿಯ ಕಿವಿಗೆ ಬೀಳಲಿಲ್ಲ. ಅಮ್ಮ ಮತ್ತು ಇತರ ಸದಸ್ಯರ ಹೆಂಡಂದಿರು ಶಾಲೆಯ ಹಿಂದೆ ಒಲೆ ಹೂಡಿ ರವೆಗಂಜಿ ಕಾಯಿಸಿದರು. ನಾನೂ ಒಂದು ದಿನ ಅಮ್ಮನ ಹಿಂದೆ ಹೋಗಿದ್ದೆ. ನಾವು ಮಗ್ಗಿ ಹೇಳುತ್ತಿದ್ದ ಕೋಣೆಯಲ್ಲಿ ಸಾಲಾಗಿ ಚಾಪೆಗಳು, ಚಾಪೆಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಅಲುಗಾಡದೆ ಮಲಗಿದ್ದ ಮುದುಕ ಮುದುಕಿಯರು. ಡೆಟಾಲಿನ ವಾಸನೆ. ನಾನು ಮೊದಲು ಹುಡುಕಿದ್ದು ತಟ್ಟೆಗಳನ್ನು. ಒಂದರಲ್ಲೂ ಕಣ್ಣು ಇರಲಿಲ್ಲ. ಗಂಜಿ ಇತ್ತು.

ಶಿಬಿರ ಮುಗಿದು, ಅಜ್ಜಿಯೂ ಮನೆಗೆ ಮರಳಿ, ಒಂದೂವರೆ ತಿಂಗಳು ಕಳೆದ ಮೇಲೆ, ಎಮ್ಮೆದೊಡ್ಡಿಯಿಂದ ಬೆಣ್ಣೆ ತರುತ್ತಿದ್ದ ಸಿದ್ದಮ್ಮ ಬಾಗಿಲಿಗೆ ಬಂದಳು. ಮೂಗಿನ ಮೇಲೆ ದಪ್ಪ ಗಾಜಿನ ಹೊಸ ಕನ್ನಡಕ. ಬುಟ್ಟಿ ಇಳಿಸಿದವಳೇ ಅಜ್ಜಿಯ ಎದುರು ಕುಕ್ಕುರುಗಾಲಲ್ಲಿ ಕೂತು ಮುಖವನ್ನೇ ನೋಡಿದಳು.

"ನಿಮ್ಮ ಮುಖ ನೋಡಿ ಮೂರು ವರ್ಷ ಆಗಿತ್ತು ಕಣ್ರಮ್ಮಾ! ನಿಮ್ಮ ಮಗ ತಣ್ಣಗಿರ್ಲಿ. ಊರೋರಿಗೆಲ್ಲ ಕಣ್ಣು ಕೊಡ್ಸಿದ್ರು, ನೀವ್ಯಾಕ್ರಮ್ಮಾ ಮಾಡಿಸ್ಕೊಳ್ಲಿಲ್ಲ?"

ಅಜ್ಜಿ ಬೆಣ್ಣೆ ತೆಗೆದುಕೊಂಡು, ಸಿದ್ದಮ್ಮನಿಗೆ ಎಲೆಯಡಿಕೆ ಕೊಟ್ಟು ಕಳಿಸಿ, ಆಮೇಲೆ ನನ್ನನ್ನು ಕರೆದಳು.

"ಗಿರೀ, ಆ ಕಾಗದದಲ್ಲಿ ಇದೂ ಇತ್ತೇನೇ?"

ನಾನು ಅಳುತ್ತ ಕಾಗೆಯ ಕಥೆಯನ್ನೆಲ್ಲ ಹೇಳಿದೆ. ಹೆಗಲಿನ ಸಂಗತಿ ಹೇಳಲಿಲ್ಲ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತಲೆ ತಡಕಿ, ಹತ್ತಿರಕ್ಕೆ ಎಳೆದುಕೊಂಡು, "ಥೂ ಹುಚ್ಚಿ" ಎಂದಳು. ಸೆರಗಿನಿಂದ ನನ್ನ ಮುಖ ಒರೆಸಿ, "ನಿಮ್ಮಪ್ಪನ ಕಿವಿಗೆ ಹಾಕ್ಬೇಡ. ನಿನ್ನ ಚರ್ಮ ಸುಲಿದು, ಆಮೇಲೆ ಅವನೇ ಕೂತ್ಕೊಂಡು ಕೊರಗ್ತಾನೆ. ಮುಂದಿನ ವರ್ಷವೂ ಮಾಡ್ತಾರಲ್ಲ. ಕಣ್ಣೇನು ಎದ್ದು ಓಡಿಹೋಗ್ತಾವಾ?" ಎಂದಳು.

ಒಂದು ಹೋಯಿತು. ಆ ಬೇಸಿಗೆಯಲ್ಲಿ ಬಲಗಣ್ಣು ಕೆಂಡದಂತೆ ಕೆಂಪಾಗಿ, ನೋವಿಗೆ ಅಜ್ಜಿ ಗೋಡೆಗೆ ಹಣೆಯೊತ್ತಿಕೊಂಡು ಕೂರುವಂತಾಯಿತು. ಅಪ್ಪ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಪೊರೆ ಹಣ್ಣಾಗಿ ಮೀರಿ ಒಳಗೆ ಒತ್ತಡ ಏರಿದೆ, ಈ ಕಣ್ಣು ಇನ್ನು ಬರುವುದಿಲ್ಲ, ನಾಲ್ಕೈದು ತಿಂಗಳು ಮುಂಚೆ ತಂದಿದ್ದರೆ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಮನೆಗೆ ಬಂದು ಅಪ್ಪ ಜಗಲಿಯ ಮೇಲೆ ಕುಸಿದು ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅವತ್ತೇ ಕೇಳಿದ್ನಲ್ಲವ್ವಾ."

"ನೀನು ಕೇಳಿದ್ದೆ ಕಣಪ್ಪ. ನಂದೇ ಹಟ" ಎಂದಳು ಅಜ್ಜಿ. ನಾನು ಬಾಗಿಲ ಹಿಂದೆ ನಿಂತಿದ್ದೆ.

ಮುಂದಿನ ಶಿಬಿರದಲ್ಲಿ ಎಡಗಣ್ಣಿನ ಪೊರೆ ತೆಗೆದರು. ಕನ್ನಡಕ ಬಂದ ದಿನ ಅವಳು ನನ್ನನ್ನು ಬೆಳಕಿಗೆ ನಿಲ್ಲಿಸಿ, "ಇಷ್ಟುದ್ದ ಆಗಿದೀಯಾ!" ಎಂದಳು. ಸೋಮವಾರ ಮಠಕ್ಕೆ ಹೊರಟಾಗ ಕೈಯನ್ನು ಮೊದಲಿನಂತೆಯೇ ನನ್ನ ಹೆಗಲ ಮೇಲಿಟ್ಟಳು. ಅದಕ್ಕಾಗಿ ನಾನು ಅಷ್ಟೆಲ್ಲ ಮಾಡಬೇಕಾಗಿಯೇ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಶಿಬಿರವಿರಲಿ, ಅಪ್ಪನ ಭಾಷಣದಲ್ಲಿ ಒಂದು ಮಾತು ತಪ್ಪುತ್ತಿರಲಿಲ್ಲ. "ನನ್ನ ಸ್ವಂತ ತಾಯಿಯೇ ಹಟ ಹಿಡಿದು ಒಂದು ಕಣ್ಣು ಕಳೆದುಕೊಂಡರು. ನೀವು ಹಾಗೆ ಮಾಡಬೇಡಿ." ಕಡೂರಿನ ಸಭೆಯಾದರೆ ಅಜ್ಜಿ ಮುಂದಿನ ಸಾಲಿನಲ್ಲೇ ಇರುತ್ತಿದ್ದಳು. ಜನರೆಲ್ಲ ತಿರುಗಿ ನೋಡಿದಾಗ ಹೌದೆಂಬಂತೆ ತಲೆಯಾಡಿಸುತ್ತಿದ್ದಳು. ಆ ಮಾತು ಕೇಳಿ ಹೆದರಿ ಎಷ್ಟೋ ಜನ ಹೆಸರು ಬರೆಸಿದರು. ಅಜ್ಜಿ ಹೋದದ್ದೂ ಊರಿನವರ ಬಾಯಲ್ಲಿ ಹಟಮಾರಿ ಮುದುಕಿಯಾಗಿಯೇ.

ಈಗ ಕ್ಲಬ್ಬಿನ ಸುದ್ದಿ ಫೋನಿಗೆ ಬರುತ್ತದೆ. ಯಾರೂ ಯಾರಿಗೂ ಓದಿ ಹೇಳಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಅಪ್ಪನಿಗೂ ಪೊರೆ ತೆಗೆಸಿದೆವು. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ಸಣ್ಣ ಕೆಲಸ. ಕಾರಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ, "ಇಷ್ಟೇ ಕಣಮ್ಮ. ಅವ್ವ ಅವತ್ತು ಒಂದು ಹೂಂ ಅಂದಿದ್ರೆ ಆಗೋದು. ಇನ್ನೊಂದ್ಸಲ ಕೇಳ್ಬೇಕಿತ್ತು ನಾನು" ಎಂದರು.

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನನಗೂ ಆಗ ಐವತ್ತು ದಾಟಿತ್ತು, ಚರ್ಮ ಸುಲಿಯುವವರು ಯಾರೂ ಇರಲಿಲ್ಲ. ಅಪ್ಪನ ಕೈಹಿಡಿದೆ. "ಅಜ್ಜಿ ಹಟಾನೇ ಹಾಗಲ್ವಾಪ್ಪಾ" ಎಂದೆ.

ಈಗ ಅಪ್ಪನೂ ಇಲ್ಲ.