ಕಂಬಳಿಯೊಳಗೆ ಬಂದ ಹುಳ

ಅಕ್ಕನಿಗೆ ಜೇನುಹುಳದ ವಿಷ ಆಗಿಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಒಂದೇ ಒಂದು ಹುಳ ಅವಳ ಕುತ್ತಿಗೆಗೆ ಚುಚ್ಚಿತ್ತು. ನೋಡನೋಡುತ್ತಿದ್ದಂತೆ ಮುಖ ಊದಿ, ಗಂಟಲು ಕಟ್ಟಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿಗಾಗಿ ಒದ್ದಾಡಿದ್ದಳು. ಇನ್ನೊಮ್ಮೆ ಕಚ್ಚಿದರೆ ಇಷ್ಟು ಹೊತ್ತೂ ಸಿಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಅವಳು ಪಾರ್ಕಿಗೂ ಹೋದವಳಲ್ಲ.

ಅಂಥವಳು ಕಳೆದ ಚಳಿಗಾಲದಲ್ಲಿ ತಾನಾಗಿಯೇ ಫೋನ್ ಮಾಡಿದಳು. "ಯಲ್ಲದಕೆರೆ ಹತ್ರ ಹೊಲದಾಗೇ ಒಂದು ಹೋಟ್ಲು ಐತಂತೆ ಕಣೇ. ನಾವೇ ತರಕಾರಿ ಕಿತ್ತುಕೊಟ್ರೆ ಅಲ್ಲೇ ಸೌದೆ ಒಲೇಲಿ ಮಾಡಿ ಬಡಿಸ್ತಾರಂತೆ. ಹೋಗಾಣ."

"ಹೊಲ ಅಂದ್ರೆ ಹುಳ ಇರಲ್ವೇನಕ್ಕ?"

"ಎಷ್ಟು ವರ್ಷ ಅಂತ ಕಿಟಕಿ ಮುಚ್ಕಂಡು ಕೂರ್ಲಿ? ನೀನು ಬರದಿದ್ರೆ ನಾನೊಬ್ಳೇ ಹೋಗ್ತೀನಿ."

ಅವಳೇ ಕಾರು ಓಡಿಸಿದಳು. ದಾರಿಯುದ್ದಕ್ಕೂ ನಾನು ಅವಳ ಮಾತ್ರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ತಗಡಿನ ಚಪ್ಪರ, ಸಾರಿಸಿದ ನೆಲ, ನಾಲ್ಕೈದು ಮೇಜು. ಹಿಂದೆ ಕುರಿಹಟ್ಟಿ. ಹೋಟೆಲು ನಡೆಸುತ್ತಿದ್ದವರು ಕುರಿ ಸಾಕುವ ಮನೆತನದ ಗಂಡ-ಹೆಂಡತಿ. ಇಳಿದ ಕೂಡಲೇ ನಾನು ಜೇನಿನ ವಿಚಾರ ಕೇಳಿದೆ. ಗಂಡ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಳ್ಳುತ್ತ ದೂರಕ್ಕೆ ಕೈ ತೋರಿಸಿದ. "ಐತೆ, ಆ ಬದುವಿನ ಹುಣಸೆಮರದಾಗೆ. ಅವುಗಳ ಪಾಡಿಗೆ ಅವು ಇರ್ತಾವೆ. ನೀವು ಈ ಕಡೀಗೇ ಕಿತ್ಕಳ್ರಿ."

ಹೆಂಡತಿ ಬುಟ್ಟಿ ಕೊಟ್ಟಳು. ಅಕ್ಕ ಬದನೆಸಾಲಿಗೆ ಇಳಿದವಳು ಹುಡುಗಿಯ ಹಾಗೆ ಖುಷಿಯಾಗಿದ್ದಳು. ಒಂದೊಂದು ಕಾಯಿಯನ್ನೂ ತಿರುಗಿಸಿ ನೋಡಿ ಕೀಳುತ್ತಿದ್ದಳು. ನನ್ನ ಕಣ್ಣು ಮಾತ್ರ ಹುಣಸೆಮರ ಬಿಟ್ಟು ಕದಲಲಿಲ್ಲ. ಹಾಗಾಗಿ ಅಲ್ಲಿಗೆ ಹದ್ದೊಂದು ಬಂದದ್ದನ್ನು ಮೊದಲು ಕಂಡವಳು ನಾನೇ. ಅದು ಸುತ್ತು ಹಾಕಿ ಬಂದು, ಕೊಂಬೆಗೆ ನೇತಾಡುತ್ತಿದ್ದ ಹೆಜ್ಜೇನಿನ ತಟ್ಟಿಗೆ ಉಗುರು ಹಾಕಿ ಎಳೆದೇಬಿಟ್ಟಿತು.

ಮರದಿಂದ ಹೊಗೆ ಎದ್ದಂತಾಯಿತು. ಆಮೇಲೆ ಸದ್ದು ಬಂತು.

ಕಾರು ಆ ಮರದ ಕಡೆಗೇ ಇತ್ತು. ಮಾತ್ರೆ ಕಾರಿನಲ್ಲಿತ್ತು. ಅಕ್ಕನ ಕೈ ಹಿಡಿದು ಚಪ್ಪರದ ಕಡೆ ಎಳೆದೆ. ಅವಳು ಬುಟ್ಟಿ ಅವಚಿಕೊಂಡು ಅಲ್ಲೇ ನಿಂತಳು.

"ಓಡಬ್ಯಾಡ್ರಿ! ಮಕಾಡೆ ಮಲಗ್ರಿ!" ಎಂದು ಕೂಗುತ್ತ ಹೋಟೆಲಿನವ ಓಡಿಬಂದ. ನಮ್ಮಿಬ್ಬರನ್ನೂ ಸಾಲಿನ ನಡುವೆ ಕೆಡವಿ ಕಂಬಳಿ ಹೊದಿಸಿ ಅಂಚುಗಳನ್ನು ಮಣ್ಣಿಗೆ ಒತ್ತಿದ. "ನಮ್ಮಕ್ಕನಿಗೆ ಕಚ್ಚಬಾರ್ದು, ಜೀವಕ್ಕೇ ಅಪಾಯ" ಎಂದು ಒಳಗಿನಿಂದಲೇ ಕಿರುಚಿದೆ. "ಅಲ್ಲಾಡಬ್ಯಾಡ್ರಿ ಮತ್ತೆ" ಎಂದ. ಅಷ್ಟರಲ್ಲೇ ಅವನಿಗೆ ಕಚ್ಚತೊಡಗಿದ್ದವು, ದನಿಯಲ್ಲೇ ತಿಳಿಯುತ್ತಿತ್ತು.

ಕಂಬಳಿಯೊಳಗೆ ಕತ್ತಲೆ, ಕುರಿಯ ವಾಸನೆ, ಅಕ್ಕನ ಬಿಸಿ ಉಸಿರು. ಮೇಲೆ ಹುಳಗಳು ಕಾಳು ಎರಚಿದ ಹಾಗೆ ಬಂದು ಬಡಿಯುತ್ತಿದ್ದವು. ಆಗ ಒಂದು ಸದ್ದು ಬೇರೆಯಾಗಿ, ಹತ್ತಿರದಲ್ಲೇ ಕೇಳಿತು.

"ಒಳಗೆ ಒಂದೈತೆ ಕಣೇ" ಎಂದು ಅಕ್ಕ ಪಿಸುಗುಟ್ಟಿದಳು.

ಅದು ಅವಳ ಕೂದಲಲ್ಲಿ ಸಿಕ್ಕಿಕೊಂಡು ಗುಂಯ್‌ಗುಡುತ್ತಿತ್ತು. ಕಿವಿಯ ಹಿಂದೆ ನಿಧಾನವಾಗಿ ಕೈ ತೂರಿಸಿದೆ. ಬೆರಳಿಗೆ ಕೂದಲು ಸಿಕ್ಕಿತು, ಹುಳ ಸಿಗಲಿಲ್ಲ. ಇನ್ನೊಮ್ಮೆ ತಡವಿದಾಗ ಅಂಗೈಗೆ ರೆಕ್ಕೆ ತಾಕಿತು. ಕೂದಲಿನ ಸಮೇತ ಮುಷ್ಟಿ ಬಿಗಿದೆ. ಕೆಂಡ ಹಿಡಿದಂತಾಯಿತು. ಆದರೂ ಮುಷ್ಟಿ ಬಿಚ್ಚಲಿಲ್ಲ.

ಹೆಂಡತಿ ಹಸಿಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದ್ದಳು. ಸದ್ದು ಪೂರ್ತಿ ಅಡಗಿದ ಮೇಲೆ ಅವಳೇ ಬಂದು ಕಂಬಳಿ ಎತ್ತಿದಳು. ಅಕ್ಕನಿಗೆ ಎಲ್ಲೂ ಕಚ್ಚಿರಲಿಲ್ಲ. ನನ್ನ ಅಂಗೈಯ ಮುಳ್ಳನ್ನು ಹೆಂಡತಿ ಉಗುರಿನಿಂದ ಕೆರೆದು ತೆಗೆಯುತ್ತಿದ್ದಾಗ ಅಕ್ಕನ ಮುಖ ಬಿಳಿಚಿಕೊಂಡಿತು.

"ನನಗಾಗದೇ ಇರೋದು ನಿನಗಾಗುತ್ತೆ ಅಂತ ಏನು ಗ್ಯಾರಂಟಿ? ನಿನಗೆ ಇದುವರೆಗೆ ಕಚ್ಚೈತಾ?"

ಇಲ್ಲ. ನಾನದನ್ನು ಯೋಚಿಸಿಯೇ ಇರಲಿಲ್ಲ. ಈಗ ಯೋಚಿಸಿದ ತಕ್ಷಣ ಗಂಟಲು ಬಿಗಿದ ಹಾಗಾಯಿತು. ಅದು ವಿಷವೋ ಭಯವೋ ತಿಳಿಯಲಿಲ್ಲ.

ಅಕ್ಕ ತನ್ನ ಮಾತ್ರೆ ನನಗೆ ನುಂಗಿಸಿ, ನನ್ನನ್ನೂ ಮೈಯೆಲ್ಲ ಬಾತುಕೊಂಡಿದ್ದ ಹೋಟೆಲಿನವನನ್ನೂ ಕೂರಿಸಿಕೊಂಡು ಹಿರಿಯೂರಿನ ಆಸ್ಪತ್ರೆ ಕಡೆ ಕಾರು ಬಿಟ್ಟಳು. "ಮಾತಾಡ್ತಾ ಇರು. ಏನಾದ್ರೂ ಮಾತಾಡು" ಎಂದು ಗದರುತ್ತಿದ್ದಳು. ನಾನು ಕಂಡ ಕಂಡ ಅಂಗಡಿಯ ಬೋರ್ಡುಗಳನ್ನೆಲ್ಲ ಓದುತ್ತ ಹೋದೆ.

ನನಗೆ ಏನೂ ಆಗಲಿಲ್ಲ. ಕೈ ಊದಿತು, ಅಷ್ಟೇ. ಹೋಟೆಲಿನವನಿಗೆ ಡ್ರಿಪ್ ಹಾಕಿದರು. ಸ್ವಲ್ಪ ಹೊತ್ತು ನೋಡಿಕೊಂಡು ಕಳಿಸುತ್ತೇವೆ ಎಂದು ನರ್ಸು ನಮ್ಮನ್ನು ಕೂರಿಸಿದಳು. ಸಂಜೆಯ ಹೊತ್ತಿಗೆ ಅವನ ಹೆಂಡತಿ ಯಾರದೋ ಬೈಕಿನಲ್ಲಿ ಕ್ಯಾರಿಯರ್ ಹಿಡಿದು ಬಂದಳು. ನಾವು ಕಿತ್ತ ಬದನೆಕಾಯಿಯ ಎಣ್ಣೆಗಾಯಿ, ಮುದ್ದೆ, ಹುರುಳಿಕಾಳಿನ ಸಾರು.

ವಾರ್ಡಿನ ಬೆಂಚಿನ ಮೇಲೆ ಕೂತು ಅಕ್ಕ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ಮಂಚದ ಮೇಲಿದ್ದವನು ದಪ್ಪನೆಯ ತುಟಿ ಕಷ್ಟದಿಂದ ಅಲ್ಲಾಡಿಸಿ ಕೇಳಿದ: "ಉಪ್ಪು, ಖಾರ ಸಮ ಐತೇನ್ರಿ ಅಕ್ಕಾರೆ?"

"ಚೆನ್ನಾಗೈತೆ ಕಣಪ್ಪ" ಎನ್ನಲು ಹೋಗಿ ಅಕ್ಕ ಅತ್ತುಬಿಟ್ಟಳು.